ಹಾಡು ಬಡಿಸುವ ಡಬ್ಬಿ

ಪ್ರೀತಿಯ ಮೊಮ್ಮಕ್ಕಳೇ, ಮತ್ತು ಕನ್ನಡಕ ಹುಡುಕಿಕೊಂಡು ಈಗಷ್ಟೇ ಈ ಪುಟ ತೆರೆದಿರುವ ನನ್ನ ಓರಗೆಯ ಅಜ್ಜ-ಅಜ್ಜಿಯರೇ,

ಇಳಕಲ್ಲಿನ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ಬಂಗಾರವಿಲ್ಲ, ಬಾಂಡ್ ಪತ್ರಗಳೂ ಇಲ್ಲ. ಇರುವುದು 300 ಕ್ಯಾಸೆಟ್. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳಿವೆ, ಭೀಮಸೇನ ಜೋಶಿಯವರ ದಾಸರ ಪದಗಳಿವೆ. ನಮ್ಮ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ಕ್ಯಾಸೆಟ್ ಇದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿ, ಬೆಳಗಿನ ಬಸ್ಸಿಗೆ ಕಾಯುವಾಗ ಕೊಂಡವು ಬೇಕಾದಷ್ಟಿವೆ. ಬ್ಯಾಂಕಿನ ಗುಮಾಸ್ತನ ಸಂಬಳದಲ್ಲಿ ತಿಂಗಳಿಗೆ ಒಂದೆರಡರಂತೆ ಕೂಡಿಸಿದ ಆಸ್ತಿ ಅದು.

ಎರಡು ವರ್ಷದ ಹಿಂದೆ ನಮ್ಮ ಟೇಪ್ ರೆಕಾರ್ಡರ್ ಹಾಡುವುದನ್ನು ಬಿಟ್ಟು ಗೊರಕೆ ಹೊಡೆಯತೊಡಗಿತು. ಏಳನೆಯ ತರಗತಿಯ ಮೊಮ್ಮಗಳು ಬಂದು ನೋಡಿದಳು.

“ಮುತ್ಯಾ, ಇದರ ಕಥಿ ಮುಗೀತು. ಎಲ್ಲಾ ಹಾಡು ಕಂಪ್ಯೂಟರಿಗೆ ಹಾಕಿ ಮನ್ಯಾಗ ಒಂದ್ ಸರ್ವರ್ ಇಡೂಣು.”

“ಸರ್ವರ್ ಅಂದ್ರ ಏನವಾ? ಬ್ಯಾಂಕಿನ್ಯಾಗ ‘ಸರ್ವರ್ ಡೌನ್’ ಅಂತಾರಲ್ಲ, ಅಷ್ಟ ನನಗ ಗೊತ್ತು” ಎಂದೆ.

ಅವಳು ಹೇಳಿದ್ದನ್ನು ನನಗೆ ತಿಳಿಯುವ ಹಾಗೆ ಹೀಗೆ ಬರೆದುಕೊಂಡೆ. ಮದುವೆ ಮನೆಯನ್ನು ನೆನೆಯಿರಿ. ಉಗ್ರಾಣದಲ್ಲಿ ಅಡುಗೆ ಇದೆ. ಪಂಕ್ತಿಯಲ್ಲಿ ಎಲೆ ಹಾಕಿದೆ. ನಡುವೆ ಒಬ್ಬ ಬಡಿಸುವವನಿದ್ದಾನೆ. ಕೇಳಿದವರ ಎಲೆಗೆ ಕೇಳಿದ್ದನ್ನು ತಂದು ಹಾಕುವುದು ಅವನ ಕೆಲಸ. ಸರ್ವರ್ ಎಂದರೆ ಆ ಬಡಿಸುವವನೇ. ಹಾಡುಗಳು ತುಂಬಿದ ಡಿಸ್ಕು ಉಗ್ರಾಣ. ನಿಮ್ಮ ಮೊಬೈಲು, ನನ್ನ ಸ್ಪೀಕರು, ಅಜ್ಜಿಯ ಟಿವಿ ಎಲ್ಲ ಎಲೆಗಳು. ಮನೆಯ ವೈಫೈ ಪಂಕ್ತಿಯ ನಡುವಿನ ದಾರಿ. ಸಿಡಿಯೋ ಕ್ಯಾಸೆಟ್ಟೋ ಹುಡುಕುವ ಕೆಲಸವಿಲ್ಲ. ಅಡುಗೆಮನೆಯಲ್ಲಿ ಒಬ್ಬರು ವಚನ ಕೇಳುವಾಗ ಪಡಸಾಲೆಯಲ್ಲಿ ಇನ್ನೊಬ್ಬರು ನಾಟಕದ ಪದ ಕೇಳಬಹುದು.

ಹಾಗಾದರೆ ಈ ಬಡಿಸುವವನು ಎಂಥವನಿರಬೇಕು? ಅದೇ ಈ ವಾರದ ಮಾತು.

ಇಬ್ಬರೂ ಬಾಗಲಕೋಟೆಗೆ ಹೋಗಿ ಒಂದು ಕಂಪ್ಯೂಟರ್ ಅಂಗಡಿ ಹೊಕ್ಕೆವು. ಅಂಗಡಿಯವರು ಗಾಜಿನ ಮೈಯ, ಬಣ್ಣದ ದೀಪ ಮಿನುಗುವ ಒಂದು ಪೆಟ್ಟಿಗೆ ತೋರಿಸಿದರು. ಎಂಟು ಕೋರು, ಗ್ರಾಫಿಕ್ಸ್ ಕಾರ್ಡು, ಮೂರು ಫ್ಯಾನು. ಬೆಲೆ ನನ್ನ ಎರಡು ತಿಂಗಳ ಪಿಂಚಣಿ.

“ಕಾಕಾ, ಹಾಡು ಕೇಳಾಕ ಗ್ರಾಫಿಕ್ಸ್ ಕಾರ್ಡ್ ಯಾಕ ಬೇಕ್ರಿ?” ಎಂದು ಮೊಮ್ಮಗಳು ಕೇಳಿದಳು.

ಅವರು ನಕ್ಕರು. “ಹಾಡಿಗೆ ಬ್ಯಾಡವಾ. ನಾಳೆ ನೀನು ಆಟ ಆಡಾಕ ಬೇಕಾಗತೈತಿ.”

ನಾಳೆಯ ಆಟಕ್ಕೆ ಇವತ್ತೇ ಸಾಲ ಕೊಡುವ ರೂಢಿ ನನಗಿಲ್ಲ. ಮನೆಗೆ ಬಂದು ಕಾಗದ, ಪೆನ್ಸಿಲು ಹಿಡಿದು ಕುಳಿತೆವು.

ಮೊದಲನೆಯ ಲೆಕ್ಕ: ಉಗ್ರಾಣ ಎಷ್ಟು ದೊಡ್ಡದಿರಬೇಕು?

ಸಿಡಿಯ ಗುಣಮಟ್ಟದಲ್ಲಿ ಹಾಡನ್ನು ಅಂಕಿಯಾಗಿಸುವಾಗ ಒಂದು ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆಯುತ್ತಾರೆ. ಒಂದೊಂದು ಅಳತೆ ಬರೆದಿಡಲು 2 ಬೈಟ್ ಬೇಕು. ಎಡಗಿವಿಗೆ ಒಂದು, ಬಲಗಿವಿಗೆ ಒಂದು. ಅಂದರೆ 44,100 × 2 × 2 = ಸೆಕೆಂಡಿಗೆ 1,76,400 ಬೈಟ್. ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 10.6 ಎಂಬಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ. 300 ಕ್ಯಾಸೆಟ್ಟಿಗೆ ಸುಮಾರು 190 ಜಿಬಿ.

ಇದನ್ನು ಮಡಿಚಿ ಇಡಬಹುದು. ಮಡಿಚುವುದರಲ್ಲಿ ಎರಡು ವಿಧ. ಇಳಕಲ್ಲಿನವನಾದ ನಾನು ಸೀರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಫ್ಲ್ಯಾಕ್ ಎಂಬ ವಿಧ ಸೀರೆಯನ್ನು ನೀಟಾಗಿ ಮಡಿಚಿದ ಹಾಗೆ. ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಬಿಚ್ಚಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಎಂಪಿ3 ಎಂಬುದು ಸೀರೆ ಪೆಟ್ಟಿಗೆಯಲ್ಲಿ ಹಿಡಿಸಲೆಂದು ಟೋಪ ತೆನಿ ಸೆರಗಿನ ತುದಿಯನ್ನೇ ಸ್ವಲ್ಪ ಕತ್ತರಿಸಿದ ಹಾಗೆ. ಉಟ್ಟಾಗ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಆದರೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಮತ್ತೊಮ್ಮೆ ತರಲಾಗದ ಹಾಡನ್ನು ಫ್ಲ್ಯಾಕ್‌ನಲ್ಲೇ ಇಡುವುದೆಂದು ತೀರ್ಮಾನಿಸಿದೆವು. 300 ಕ್ಯಾಸೆಟ್ಟಿಗೆ ಸುಮಾರು 100 ಜಿಬಿ. 500 ಜಿಬಿಯ ಡಿಸ್ಕು ಕೊಂಡರೆ ಇನ್ನಷ್ಟು ಸಿಡಿಗಳಿಗೂ ಜಾಗ ಉಳಿಯುತ್ತದೆ.

ಎರಡನೆಯ ಲೆಕ್ಕ: ಎಷ್ಟು ಎಲೆಗೆ ಬಡಿಸಬೇಕು?

ನಮ್ಮ ಮನೆಯಲ್ಲಿ ಇರುವವರು ಐದು ಜನ. ಐವರೂ ಒಂದೇ ಹೊತ್ತಿಗೆ ಐದು ಬೇರೆ ಹಾಡು ಕೇಳಿದರೂ, ಮಡಿಚದೇ ಕಳಿಸಿದರೂ, ಸೆಕೆಂಡಿಗೆ 9 ಲಕ್ಷ ಬೈಟ್ ಮುಟ್ಟುವುದಿಲ್ಲ. ಈಗಿನ ಅತಿ ಸಣ್ಣ ಕಂಪ್ಯೂಟರಿಗೂ, ಮನೆಯ ಸಾಮಾನ್ಯ ವೈಫೈಗೂ ಇದು ಹೂವಿನ ಭಾರ. ಐದು ಎಲೆಗೆ ಬಡಿಸಲು ಪೈಲ್ವಾನ ಬೇಕಿಲ್ಲ. ಕೈ ಶುದ್ಧವಿರುವ, ಹೊತ್ತಿಗೆ ಸರಿಯಾಗಿ ಬರುವ ಒಬ್ಬ ಹುಡುಗ ಸಾಕು. ಎಂಟು ಕೋರಿನ ಮಾತು ಅಲ್ಲಿಗೆ ಮುಗಿಯಿತು. 2 ಜಿಬಿ ರ‍್ಯಾಮ್ ಧಾರಾಳವಾಯಿತು.

ಮೂರನೆಯ ಲೆಕ್ಕ: ಅವನು ಎಷ್ಟು ಉಣ್ಣುತ್ತಾನೆ?

ಸರ್ವರ್ ಹಗಲೂ ರಾತ್ರಿ ಎಚ್ಚರವಿರಬೇಕು. ತಿಂಗಳಿಗೆ 24 × 30 = 720 ಗಂಟೆ. ಹಾಗಾಗಿ ಕೊಳ್ಳುವ ಬೆಲೆಯಷ್ಟೇ ಮುಖ್ಯ ಅದು ತಿನ್ನುವ ಕರೆಂಟು. ಇದನ್ನು ಅಳೆಯಲು ನಾವು ಹೂಡಿದ ಉಪಾಯ ನಿಮಗೂ ಬರುತ್ತದೆ. ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿ. ಮೀಟರನ್ನು ಮುಟ್ಟಬಾರದು, ನೋಡಬೇಕಷ್ಟೇ.

ಈಗಿನ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ನಮ್ಮದರ ಮೇಲೆ 3200 ಎಂದಿದೆ. ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ಉರಿದಷ್ಟು. ಮನೆಯ ಫ್ಯಾನು, ಫ್ರಿಜ್ಜು, ದೀಪ ಎಲ್ಲ ಆರಿಸಿ ಕಂಪ್ಯೂಟರ್ ಒಂದನ್ನೇ ಹಚ್ಚಿ ಹತ್ತು ನಿಮಿಷ ಎಣಿಸಿದೆವು. ಸೆಕೆಯಲ್ಲಿ ಕುಳಿತ ನಮ್ಮ ಮನೆಯವರು “ಹಾಡಿನ ಹುಚ್ಚಿಗೆ ಬೆವರಿನ ದಂಡ” ಎಂದು ಗೊಣಗಿದರು.

ಮಗನ ಹಳೆಯ ಡೆಸ್ಕ್‌ಟಾಪ್ 43 ಸಲ ಮಿನುಗಿಸಿತು. ಅಂದರೆ ಸುಮಾರು 80 ವ್ಯಾಟ್. ತಿಂಗಳಿಗೆ 58 ಯೂನಿಟ್. ಅವನದೇ ಹಳೆಯ ಲ್ಯಾಪ್‌ಟಾಪ್ 10 ಸಲ. ತಿಂಗಳಿಗೆ ಹದಿಮೂರೂವರೆ ಯೂನಿಟ್. ಧಾರವಾಡದಲ್ಲಿ ಎಂಜಿನಿಯರಿಂಗ್ ಓದುವ ನಮ್ಮಕ್ಕನ ಮೊಮ್ಮಗ ರಜೆಗೆ ಬಂದಾಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದಿದ್ದ. ಅದು ಬರೀ 3 ಸಲ. ತಿಂಗಳಿಗೆ 4 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ದುಡ್ಡು ಕಟ್ಟಬೇಕಲ್ಲ, 58ಕ್ಕೂ 4ಕ್ಕೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ.

ಈ ರಾಸ್ಪ್‌ಬೆರಿ ಪೈ ಹುಟ್ಟಿದ್ದು ಬ್ರಿಟನ್ನಿನಲ್ಲಿ, 2012ರಲ್ಲಿ. ಶಾಲೆಯ ಮಕ್ಕಳು ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಕಲಿಯಲಿ ಎಂಬುದೇ ಅದನ್ನು ಮಾಡಿದವರ ಆಸೆ. ಎಟಿಎಂ ಕಾರ್ಡಿನಷ್ಟು ಅಗಲ. 2019ರಲ್ಲಿ ಬಂದ ನಾಲ್ಕನೆಯ ಮಾದರಿ ನಮ್ಮ ಕೆಲಸಕ್ಕೆ ಸಾಕಾಯಿತು. ಅಲ್ಯುಮಿನಿಯಂ ಡಬ್ಬಿಯಲ್ಲಿ ಕೂರಿಸಿದರೆ ಫ್ಯಾನು ಬೇಕಿಲ್ಲ, ಸದ್ದಿಲ್ಲ. ಹಾಡು ಕೇಳುವ ಮನೆಯಲ್ಲಿ ಬಡಿಸುವವನು ತಾನೇ ಗುಂಯ್ ಎನ್ನಬಾರದು.

ಮನೆಯಲ್ಲಿ ಒಳ್ಳೆಯ ಸ್ಥಿತಿಯ ಹಳೆಯ ಲ್ಯಾಪ್‌ಟಾಪ್ ಇದ್ದವರು ಮಾತ್ರ ಹೊಸದೇನೂ ಕೊಳ್ಳದೆ ಅದರಿಂದಲೇ ಶುರುಮಾಡಿ. ಕರೆಂಟು ಹೋದರೆ ಅದರ ಬ್ಯಾಟರಿಯೇ ಕಾಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಹಚ್ಚಲೇಬೇಡಿ. ನಮ್ಮದು ಉಬ್ಬಿತ್ತು, ಹಾಗಾಗಿ ಪೈ ಕೊಂಡೆವು. ಅದರೊಳಗೆ ಹಾಕುವ ಲಿರಿಯನ್ ಮ್ಯೂಸಿಕ್ ಸರ್ವರ್, ನಾವಿಡ್ರೋಮ್ ಮೊದಲಾದ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಾಗಿಲ್ಲ.

ಕ್ಯಾಸೆಟ್ ಹಾಡು ಕಂಪ್ಯೂಟರಿಗೆ ಇಳಿಸುವುದು ತಾಳ್ಮೆಯ ಕೆಲಸ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ದಿನಕ್ಕೊಂದರಂತೆ 300ಕ್ಕೆ ಹತ್ತು ತಿಂಗಳು. ಹುನಗುಂದದ ಒಬ್ಬ ಹಳೆಯ ರೇಡಿಯೋ ರಿಪೇರಿಯವರು ನಮ್ಮ ಟೇಪ್ ರೆಕಾರ್ಡರಿನ ಸಡಿಲಾದ ಬೆಲ್ಟು ಬದಲಿಸಿ ಗೊರಕೆ ನಿಲ್ಲಿಸಿಕೊಟ್ಟರು. ಮೊಮ್ಮಗಳು ಪ್ರತಿ ಹಾಡಿಗೂ ಹೆಸರು, ಹಾಡಿದವರು, ವರ್ಷ ಬರೆದಳು. ಒಂದು ಕಡೆ ‘ಮನ್ಸೂರ’, ಇನ್ನೊಂದು ಕಡೆ ‘ಮನಸೂರ’ ಎಂದು ಬರೆದರೆ ಕಂಪ್ಯೂಟರು ಇಬ್ಬರು ಗವಾಯಿಗಳೆಂದು ತಿಳಿಯುತ್ತದೆ. ಖಾತೆದಾರರ ಹೆಸರು ತಪ್ಪು ಬರೆದು ಬೈಸಿಕೊಂಡ ನನಗೆ ಅದು ಹೊಸದಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದು ಲೆಕ್ಕ ಮರೆತೆ.

ಡಿಸ್ಕಿನಲ್ಲಿ ದುಡ್ಡು ಉಳಿಸಲು ಹೋಗಿ, ಹಳೆಯ ಡೆಸ್ಕ್‌ಟಾಪಿನ ತಿರುಗುವ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಪೈಗೆ ಜೋಡಿಸಿದ್ದೆ. “ಇನ್ನೊಂದು ಕಾಪಿ ಇಡೂಣು ಮುತ್ಯಾ” ಎಂದು ಮೊಮ್ಮಗಳು ಎರಡು ಸಲ ಹೇಳಿದ್ದಳು. ಎಲ್ಲ ಮುಗಿದ ಮೇಲೆ ನೋಡೋಣ ಎಂದಿದ್ದೆ. 42 ಕ್ಯಾಸೆಟ್ ಇಳಿಸಿ ಆಗಿತ್ತು. ಬೇಸಿಗೆಯ ಒಂದು ಸಂಜೆ ಗಾಳಿ ಎದ್ದು ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಆಮೇಲೆ ಡಿಸ್ಕಿನೊಳಗಿಂದ ಕಟ್ ಕಟ್ ಎಂಬ ಸದ್ದು. ಮರುದಿನ ಅದೂ ಇಲ್ಲ.

ಮೊಮ್ಮಗಳು ತನ್ನ ಪಟ್ಟಿ ತೆಗೆದು ನೋಡುತ್ತಾ ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟಳು. “ಮುತ್ತಜ್ಜಿ, ಬೀಸುವ ಪದ, ಬಾಗಲಕೋಟಿ, 1984.”

ಅದು ನಮ್ಮವ್ವನ ದನಿ. ಹಳೆ ಬಾಗಲಕೋಟೆಯಲ್ಲಿ ನಮ್ಮಕ್ಕನ ಮನೆ ಇತ್ತು. ಅವ್ವ ಅಲ್ಲಿ ಜೋಳ ಬೀಸುತ್ತಾ ಹಾಡುವಾಗ, ಹೊಸದಾಗಿ ಕೊಂಡ ಟೇಪ್ ರೆಕಾರ್ಡರನ್ನು ಕಲ್ಲಿನ ಪಕ್ಕದಲ್ಲಿಟ್ಟು ತುಂಬಿಸಿಕೊಂಡಿದ್ದೆ. ಹನ್ನೊಂದು ನಿಮಿಷ. ಅವ್ವನ ದನಿಯ ಜೊತೆಗೆ ಕಲ್ಲಿನ ಗರಗರ ಸದ್ದೂ ಇದೆ. ಮುಂದೆ ಆಲಮಟ್ಟಿ ಜಲಾಶಯದ ಹಿನ್ನೀರಿನ ಮುಳುಗಡೆಯಲ್ಲಿ ಆ ಮನೆ ಹೋಯಿತು. ಜನ ಬಾಗಿಲು, ತೊಲೆ ಬಿಚ್ಚಿಕೊಂಡು ನವನಗರಕ್ಕೆ ಬಂದರು. ಬೀಸುವ ಕಲ್ಲು ಅಲ್ಲೇ ಉಳಿಯಿತು. ಅವ್ವನೂ ಈಗಿಲ್ಲ. ಉಳಿದಿದ್ದು ಆ ಹನ್ನೊಂದು ನಿಮಿಷ.

ಕ್ಯಾಸೆಟ್ ಇದೆಯಲ್ಲ, ಮತ್ತೆ ಇಳಿಸಿದರಾಯಿತು ಎಂದು ಹಾಕಿದೆವು. ದನಿ ಮುಳುಗಿ ತೇಲಿ ಒಂದೆರಡು ನಿಮಿಷಕ್ಕೆ ನಿಂತೇಹೋಯಿತು. ತೆಗೆದರೆ ಟೇಪು ಅಂಚಿನಲ್ಲಿ ಸುರುಳಿ ಸುತ್ತಿದೆ. ನಾನು ಮಾತಾಡದೆ ಕುಳಿತೆ. ಮೊಮ್ಮಗಳೂ ಮಾತಾಡಲಿಲ್ಲ.

ಮರುದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ಹುನಗುಂದಕ್ಕೆ ಒಯ್ದೆ. ಆ ರಿಪೇರಿಯವರು ಭೂತಗನ್ನಡಿ ಹಿಡಿದು ನೋಡಿ, “ಟೇಪು ಹರದಿಲ್ರೀ. ಒತ್ತಿ ಹಿಡಿಯೂ ಮೆತ್ತೀ ಉದರೈತಿ” ಎಂದರು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಣ್ಣೆಯ ಸಣ್ಣ ತುಂಡು ಇರುತ್ತದೆ. ನಲವತ್ತು ವರ್ಷಕ್ಕೆ ಅದರ ಅಂಟು ಬಿಟ್ಟಿತ್ತು. ಅವರು ಸ್ಕ್ರೂ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಒಂದು ಒಳ್ಳೆಯ ಕ್ಯಾಸೆಟ್ಟಿನ ಖಾಲಿ ಕವಚಕ್ಕೆ ಎತ್ತಿಟ್ಟರು. “ಮತ್ತ ಮತ್ತ ಹಚ್ಚಬ್ಯಾಡ್ರಿ. ಮೊದಲನೇ ಸಲಕ್ಕ ತುಂಬಿಸ್ಕೋರಿ” ಎಂದರು. ಅಲ್ಲೇ, ಅವರ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ತುಂಬಿಸಿಕೊಂಡೆವು. ಒಂದು ಕಡೆ ದನಿ ನಡುಗುತ್ತದೆ. ಉಳಿದದ್ದು ಬಂತು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ನನಗೆ ನಾಚಿಕೆಯಾದದ್ದು ಇದಕ್ಕೆ: ಬ್ಯಾಂಕಿನಲ್ಲಿ 37 ವರ್ಷ ನಾನು ಮಾಡಿದ್ದೇ ನಕಲು ಇಡುವ ಕೆಲಸ. ಚೀಟಿಗೆ ನಕಲು, ಲೆಡ್ಜರಿಗೆ ತಾಳೆ. ಕಂಪ್ಯೂಟರ್ ಬಂದ ಮೇಲೆ ದಿನದ ಲೆಕ್ಕವನ್ನು ನಕಲು ಮಾಡಿ ಬೇರೆ ಕಟ್ಟಡದಲ್ಲಿ ಇಡುತ್ತಿದ್ದೆವು. ಕಂಪ್ಯೂಟರ್ ಸುಟ್ಟರೆ ಇನ್ನೊಂದು ಬರುತ್ತದೆ, ಲೆಕ್ಕ ಸುಟ್ಟರೆ ಬರುವುದಿಲ್ಲ ಎಂದು ಹೊಸ ಹುಡುಗರಿಗೆ ನಾನೇ ಹೇಳುತ್ತಿದ್ದೆ. ಮನೆಗೆ ಬಂದು ಅದನ್ನೇ ಮರೆತಿದ್ದೆ.

ಈಗ ನಮ್ಮ ಮನೆಯ ನಿಯಮ ಹೀಗಿದೆ. ಡಬ್ಬಿ ಸಣ್ಣದಿರಲಿ, ಉಳಿದ ದುಡ್ಡು ಡಿಸ್ಕಿಗೆ ಹೋಗಲಿ. ಹಾಡು ಇರುವುದು ಹೊಸ ಎಸ್‌ಎಸ್‌ಡಿಯಲ್ಲಿ. ಅದರೊಳಗೆ ತಿರುಗುವ ಭಾಗವಿಲ್ಲ. ಆದರೆ ಅದೂ ಅಮರವಲ್ಲ. ಅದಕ್ಕೇ ಎರಡನೆಯ ನಕಲು ಬೀರುವಿನಲ್ಲಿದೆ, ತಂತಿ ಜೋಡಿಸದೆ. ಮೂರನೆಯದು ನವನಗರದಲ್ಲಿ ನಮ್ಮಕ್ಕನ ಮನೆಯಲ್ಲಿದೆ. ಇಲ್ಲಿ ಕಳ್ಳ ಬಂದರೂ, ಸಿಡಿಲು ಬಡಿದರೂ ಅಲ್ಲಿಯದು ಉಳಿಯುತ್ತದೆ. ಪೈ ಹಾಗೂ ವೈಫೈಗೆ ಒಂದು ಸಣ್ಣ ಯುಪಿಎಸ್ ಇದೆ. ಆರಿಸುವಾಗ ಗುಂಡಿ ಕೀಳುವುದಿಲ್ಲ, ಕ್ರಮವಾಗಿ ಆರಿಸುತ್ತೇವೆ. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿದ್ದೇವೆ. ಕೊಂಡ ಕ್ಯಾಸೆಟ್ಟಿನ ಹಾಡು ನಮ್ಮ ಮನೆಯಲ್ಲಿ ಕೇಳಲಿಕ್ಕೆ ಮಾತ್ರ, ಹಂಚಲಿಕ್ಕಲ್ಲ. ತಿಂಗಳ ಮೊದಲ ಭಾನುವಾರ ಬೀರುವಿನ ನಕಲು ತೆಗೆದು ಮೂರು ಹಾಡು ಹಚ್ಚಿ ನೋಡುತ್ತೇವೆ. ನಕಲು ಇದೆ ಎನ್ನುವುದು ಬೇರೆ, ನಕಲು ಹಾಡುತ್ತದೆ ಎನ್ನುವುದು ಬೇರೆ.

ಕಳೆದ ಜಾತ್ರೆಗೆ ಬಾದಾಮಿಗೆ ಹೋದಾಗ ಮೊಮ್ಮಗಳಿಗೆ ಕೆರೆಯ ಮೇಲಿನ ಬಂಡೆಯಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನ ತೋರಿಸಿದೆ. ಸುಮಾರು 1,300 ವರ್ಷ ಹಳೆಯದು. ಅದರಲ್ಲಿ ತ್ರಿಪದಿ ಇದೆ, ಮೂರು ಸಾಲಿನ ಪದ್ಯ. ನಮ್ಮ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಾ ಬಂದಿದ್ದೂ ಅದೇ ತ್ರಿಪದಿ. “ಅವರಿಗೆ ಛಲೋ ಹಾರ್ಡ್‌ವೇರ್ ಸಿಕ್ಕಿತ್ತು ನೋಡು, ಕಲ್ಲು” ಎಂದೆ. ಅವಳು ಯೋಚಿಸಿ, “ಆದ್ರ ಮುತ್ಯಾ, ಕಲ್ಲಿನ್ಯಾಗ ದನಿ ಇಲ್ಲ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಬರುತ್ತಾ ನವನಗರದಲ್ಲಿ ಇಳಿದು, ಮೂರನೆಯ ನಕಲನ್ನು ಅಕ್ಕನ ಮನೆಯ ಟಿವಿಗೆ ಸಿಕ್ಕಿಸಿ ಹದಿನೇಳನೆಯ ಸಾಲು ಹಚ್ಚಿದೆವು. ಅಕ್ಕನಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ದನಿ ಏರಿಸಿದೆವು. ಮೊದಲು ಕಲ್ಲಿನ ಗರಗರ ಬಂತು. ಅಕ್ಕ ಮಾಡುತ್ತಿದ್ದ ಶೇಂಗಾ ಸುಲಿಯುವ ಕೆಲಸ ಬಿಟ್ಟು ತಲೆ ಎತ್ತಿ, “ಅವ್ವ ಬೀಸಾಕತ್ತಾಳ” ಎಂದಳು. ಹನ್ನೊಂದು ನಿಮಿಷ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಮಕ್ಕಳೇ, ಈ ವಾರದ ಲೆಕ್ಕ. ಒಬ್ಬರ ಮನೆಯಲ್ಲಿ 90 ನಿಮಿಷದ 80 ಕ್ಯಾಸೆಟ್ ಇವೆ. ಫ್ಲ್ಯಾಕ್‌ನಲ್ಲಿ ನಿಮಿಷಕ್ಕೆ 5.3 ಎಂಬಿಯಂತೆ ಹಿಡಿದರೆ ಅವೆಲ್ಲ 64 ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಹಿಡಿಸುತ್ತವೆಯೇ? ಹಿಡಿಸಿದರೆ, ಅವರು ಎಷ್ಟು ಪೆನ್ ಡ್ರೈವ್ ಕೊಳ್ಳಬೇಕು? ಎರಡನೆಯ ಪ್ರಶ್ನೆಯನ್ನು ಸರಿಯಾಗಿ ಓದಿ. ಉತ್ತರ ಮುಂದಿನ ವಾರ.

ಇನ್ನೊಂದು ಕೆಲಸವಿದೆ, ಅದಕ್ಕೆ ಲೆಕ್ಕ ಬೇಡ. ಈ ಭಾನುವಾರ ಅಜ್ಜಿಗೆ ಒಂದು ಪದ ಹಾಡೆಂದು ಹೇಳಿ. ಫ್ಯಾನು, ಟಿವಿ ಆರಿಸಿ, ಮೊಬೈಲನ್ನು ಹತ್ತಿರ ಇಟ್ಟು ತುಂಬಿಸಿಕೊಳ್ಳಿ. ಹೆಸರು, ಊರು, ತಾರೀಖು ಬರೆಯಿರಿ. ಅಜ್ಜಿಯರೇ, “ನನ್ನ ದನಿ ಈಗ ಚೆನ್ನಾಗಿಲ್ಲ” ಎಂದು ತಪ್ಪಿಸಿಕೊಳ್ಳಬೇಡಿ. ನಮ್ಮವ್ವನೂ ಅವತ್ತು ಅದನ್ನೇ ಹೇಳಿದ್ದಳು.

ಮುಂದಿನ ವಾರ ಮತ್ತೆ ಸೇರೋಣ.